ನಾನು ಆಡದ ಮಾತು

ನಮ್ಮ ಚರ್ಚಿನ ಇತಿಹಾಸ ಬರೆದವನು ನಾನೇ. ನೂರು ವರ್ಷ ತುಂಬಿದ ಸಂದರ್ಭಕ್ಕೆಂದು ಅಚ್ಚು ಹಾಕಿಸಿದ ಸಣ್ಣ ಪುಸ್ತಕ ಅದು. ಎಲ್ಲರೂ ತೆಗೆದುಕೊಂಡು ಹೋದರು, ಓದಿದವರು ಎಷ್ಟು ಮಂದಿಯೋ ಗೊತ್ತಿಲ್ಲ. ಅದರಲ್ಲಿ ಕಟ್ಟಿಸಿದವರ ಹೆಸರಿದೆ, ಗಂಟೆ ತಂದವರ ಹೆಸರಿದೆ, ಪಾದ್ರಿಗಳೆಲ್ಲರ ಹೆಸರೂ ಇದೆ. ಈ ಒಂದು ಸಂಗತಿ ಮಾತ್ರ ಇಲ್ಲ. ದೆವ್ವ, ದರ್ಶನ, ಅಶರೀರವಾಣಿ ಎಂದು ಯಾರಾದರೂ ಬಾಯಿ ತೆಗೆದರೆ ಎದುರಿಗೇ ನಗುತ್ತಿದ್ದವನು ನಾನು. ಸಭೆಯ ಹೆಂಗಸರು ತಮಗೆ ಬಿದ್ದ ಕನಸುಗಳನ್ನು ಹೇಳತೊಡಗಿದರೆ ಎದ್ದು ಹೊರಗೆ ಹೋಗುತ್ತಿದ್ದೆ. ಹಾಗಾಗಿ ನೀವು ಇದನ್ನು ನಂಬದಿದ್ದರೆ ನನಗೇನೂ ಬೇಸರವಿಲ್ಲ. ನಿಮ್ಮ ಜಾಗದಲ್ಲಿ ನಾನಿದ್ದರೂ ನಂಬುತ್ತಿರಲಿಲ್ಲ.

ನಮ್ಮದು ಮುಂಬಯಿಯ ಸೆಂಟ್ರಲ್ ಲೈನಿನ ಒಂದು ಸ್ಟೇಷನ್ನಿನ ಹಿಂದಿರುವ ಕಲ್ಲಿನ ಆಂಗ್ಲಿಕನ್ ಚರ್ಚು. ರೈಲ್ವೆಯ ಇಂಗ್ಲಿಷ್ ಸಾಹೇಬರು ತಮಗಾಗಿ ಕಟ್ಟಿಕೊಂಡದ್ದು. ಅವರು ದೇಶ ಬಿಟ್ಟು ಹೋದ ಮೇಲೆ ಬೆಳಗಿನ ಇಂಗ್ಲಿಷ್ ಆರಾಧನೆಗೆ ಮುಂದಿನ ನಾಲ್ಕು ಬೆಂಚೂ ತುಂಬುತ್ತಿರಲಿಲ್ಲ. ಹುಬ್ಬಳ್ಳಿ, ಬೆಟಗೇರಿ ಕಡೆಯಿಂದ ರೈಲ್ವೆ ವರ್ಕ್‌ಶಾಪು, ಗಿರಣಿ ಎಂದು ಹೊಟ್ಟೆಪಾಡಿಗೆ ಬಂದ ನಮ್ಮಂಥ ಕನ್ನಡ ಕ್ರೈಸ್ತರಿಗೆ ಭಾನುವಾರ ಸಂಜೆ ನಾಲ್ಕಕ್ಕೆ ಅದೇ ಚರ್ಚು ಸಿಕ್ಕಿತು. ನಾನು ಹೇಳುತ್ತಿರುವುದು ಬೇರೆ ಬೇರೆ ಪಂಗಡಗಳ ಕ್ರೈಸ್ತ ಸಭೆಗಳು ಒಂದಾಗಿ ಬಾಗಿಲ ಬೋರ್ಡಿನ ಮೇಲೆ ಹೊಸ ಹೆಸರು ಬಂದಿದ್ದ ಕಾಲ, ಎಪ್ಪತ್ತರ ದಶಕದ ಆರಂಭ. ಬೋರ್ಡು ಹೊಸದಾದರೂ ಒಳಗಿನ ಪದ್ಧತಿಗಳೆಲ್ಲ ಸಾಹೇಬರ ಕಾಲದವೇ.

ಅಂಥ ಪದ್ಧತಿಗಳಲ್ಲಿ ಒಂದು, ಮದುವೆಯ ಪ್ರಕಟಣೆ. ಮದುವೆಗೆ ಮುಂಚೆ ಮೂರು ಭಾನುವಾರ ಪಾದ್ರಿಗಳು ಹುಡುಗ ಹುಡುಗಿಯ ಹೆಸರನ್ನು ಸಭೆಯ ಮುಂದೆ ಓದುತ್ತಾರೆ. ಈ ಮದುವೆಗೆ ಅಡ್ಡಿ ಏನಾದರೂ ಗೊತ್ತಿದ್ದವರು ಈಗಲೇ ತಿಳಿಸಬೇಕು ಎಂದು ಹೇಳಿ ಸ್ವಲ್ಪ ಹೊತ್ತು ಸುಮ್ಮನೆ ನಿಲ್ಲುತ್ತಾರೆ. ನಮ್ಮ ನೆನಪಿನಲ್ಲಿ ಯಾರೂ ಎಂದೂ ಏನೂ ತಿಳಿಸಿದ್ದಿಲ್ಲ. ಜನ ಆ ಹೊತ್ತನ್ನು ಕೆಮ್ಮುವುದಕ್ಕೆ, ಮುಂದಿನ ಕೀರ್ತನೆ ಹುಡುಕುವುದಕ್ಕೆ ಬಳಸಿಕೊಳ್ಳುತ್ತಿದ್ದರು.

ಆ ಸಲ ಓದಿದ್ದು ನನ್ನ ತಂಗಿ ಕರುಣಾಳ ಹೆಸರು, ನನ್ನ ಗೆಳೆಯ ಜಯಶೀಲನ ಹೆಸರು. ಕರುಣಾ ಮುನಿಸಿಪಾಲಿಟಿಯ ಕನ್ನಡ ಶಾಲೆಯಲ್ಲಿ ಟೀಚರು. ಅವ್ವ, ಅವಳು, ನಾನು ಚೆಂಬೂರಿನಲ್ಲಿದ್ದೆವು. ಜಯಶೀಲ ಬೆಟಗೇರಿಯವನು, ನನ್ನ ಜೊತೆ ವರ್ಕ್‌ಶಾಪಿನಲ್ಲಿದ್ದ, ಧಾರಾವಿಯ ಚಾಳಿನಲ್ಲಿ ಒಂಟಿಯಾಗಿದ್ದ. ರಜೆ ಬಂತೆಂದರೆ ಊಟ ನಮ್ಮ ಮನೆಯಲ್ಲೇ. ಚರ್ಚಿನ ಇತಿಹಾಸಕ್ಕಾಗಿ ಶನಿವಾರಗಳಂದು ನಾವಿಬ್ಬರೂ ಗೋಡೆಯ ಸ್ಮಾರಕದ ಕಲ್ಲುಗಳನ್ನು ಒರೆಸಿ ಓದುತ್ತಿದ್ದೆವು. ಏಣಿ ಹತ್ತಿ ಅವನು ಓದುವುದು, ಕೆಳಗೆ ನಿಂತು ನಾನು ಬರೆದುಕೊಳ್ಳುವುದು. ನನಗೆ ಅಣ್ಣತಮ್ಮಂದಿರಿಲ್ಲ. ಆ ಕೊರತೆಯನ್ನು ಅವನೇ ತುಂಬಿದ್ದ. ಅವನು ಕರುಣಾಳನ್ನು ಮದುವೆಗೆ ಕೇಳಿದಾಗ ನನಗೆ ಆದ ಸಂತೋಷ ಅವಳಿಗೂ ಆಗಿತ್ತೋ ಇಲ್ಲವೋ.

ಮೂರನೆಯ ಭಾನುವಾರ. ಬಲಗಡೆ ಗಂಡಸರು, ಎಡಗಡೆ ಹೆಂಗಸರು. ಜಯಶೀಲ ನನ್ನ ಮುಂದಿನ ಬೆಂಚಿನಲ್ಲಿದ್ದ. ನನ್ನ ಪಕ್ಕದಲ್ಲಿ ವರ್ಕ್‌ಶಾಪಿನ ಹಿರಿಯ ಯೋಹಾನಪ್ಪ ಕಾಕಾ. ಪಾದ್ರಿಗಳು ಹೆಸರು ಓದಿದರು, ಅಡ್ಡಿಯ ಮಾತು ಹೇಳಿದರು, ಸುಮ್ಮನಾದರು. ನಾನು ಕೀರ್ತನೆ ಪುಸ್ತಕದ ಹಾಳೆ ತಿರುವುತ್ತಿದ್ದೆ.

"ಅಡ್ಡಿ ಐತ್ರಿ ಅಯ್ಯನವರ. ಬೆಟಗೇರ್ಯಾಗ ಇವಂಗ ಹೆಂಡತಿ ಅದಾಳ. ಸರೋಜಾ ಅಂತ. ಒಂದು ಹೆಣ್ಣುಕೂಸೂ ಐತಿ."

ದನಿ ಬಂದದ್ದು ನನ್ನ ಬೆನ್ನ ಹಿಂದಿನಿಂದ. ಗಂಡಸಿನ ದನಿ. ಅದರಲ್ಲಿ ಸಿಟ್ಟಿರಲಿಲ್ಲ, ಹಾಜರಿ ಹೇಳುವಷ್ಟು ಸಹಜವಾಗಿತ್ತು. ತಿರುಗಿ ನೋಡಿದೆ. ಹಿಂದಿನ ಬೆಂಚು ಖಾಲಿ. ಅದರ ಹಿಂದಿನದೂ ಖಾಲಿ. ಮತ್ತೆ ಮುಂದೆ ತಿರುಗಿದರೆ ಇಡೀ ಸಭೆ ನನ್ನನ್ನೇ ನೋಡುತ್ತಿತ್ತು. ಯೋಹಾನಪ್ಪ ಕಾಕಾ ನನ್ನ ಅಂಗಿ ಹಿಡಿದು ಜಗ್ಗಿ, "ಹೇಳಿದಿಯಲ್ಲಾ, ಇನ್ನ ಕುಂದ್ರಪಾ" ಎಂದರು. ನಾನು ಎದ್ದು ನಿಂತಿದ್ದೇನೆಂದು ನನಗೆ ಗೊತ್ತಾದದ್ದೇ ಆಗ. ಹಿಂದೆ ನೋಡಲೆಂದು ಎದ್ದೆನೋ, ಅದಕ್ಕೆ ಮೊದಲೇ ಎದ್ದಿದ್ದೆನೋ, ಇವತ್ತಿಗೂ ತಿಳಿಯದು.

ಜಯಶೀಲ ಎದ್ದು ಹೊರಗೆ ನಡೆದ. ಇದೆಲ್ಲ ಸುಳ್ಳು ಎಂದು ಅವನು ಹೇಳುತ್ತಾನೆ ಅಂದುಕೊಂಡು ಹಿಂದೆಯೇ ಓಡಿದೆ. ಗೇಟಿನ ಹತ್ತಿರ ಅವನು ತಿರುಗಿ ನಿಂತು ಕೇಳಿದ್ದು ಇಷ್ಟೇ: "ಸರೋಜಾ ಬಂದಿದ್ಲೇನು ನಿನ್ನ ಹಂತ್ಯಾಕ?"

ಆ ಹೆಸರನ್ನು ನಾನು ಆ ದಿನಕ್ಕೆ ಮೊದಲು ಕೇಳಿಯೇ ಇರಲಿಲ್ಲ. ಹಾಗಾದರೆ ಆ ಮಾತು ನಿಜವೇ. ಕೈ ಎತ್ತಿದೆ. ಅವನು ತಪ್ಪಿಸಿಕೊಳ್ಳಲಿಲ್ಲ. "ಗೊತ್ತಿದ್ರ ಬಾಜೂಕ ಕರದು ಕೇಳಬೇಕಿತ್ತು. ಸಭಾದಾಗ ನನ್ನ ಮಾನ ತಗದಿ. ದೋಸ್ತ ಅಂತ ನಂಬಿದ್ದೆ ನಿನ್ನ" ಎಂದ. ಇಷ್ಟು ವರ್ಷ ನನ್ನ ತಟ್ಟೆಯಲ್ಲಿ ಉಂಡು, ನನ್ನ ತಂಗಿಯ ಬಾಳಿಗೆ ಕಲ್ಲು ಹಾಕಲು ಹೊರಟವನು, ತಾನೇ ಮೋಸಹೋದವನ ಹಾಗೆ ನನ್ನನ್ನು ನೋಡುತ್ತಿದ್ದ. ಎತ್ತಿದ ಕೈ ಹಾಗೇ ಉಳಿಯಿತು. ಆಮೇಲೆ ಅವನು ಕೆಲಸ ಬಿಟ್ಟು ಗುಜರಾತಿನ ಕಡೆ ಹೋದನಂತೆ. ಪಾದ್ರಿಗಳು ಬೆಟಗೇರಿಯಲ್ಲಿ ವಿಚಾರಿಸಿದರು. ಹೆಂಡತಿ, ಮಗು, ಎಲ್ಲ ನಿಜ.

ಮಾತಾಡಿದವನು ನಾನಲ್ಲ ಎಂದು ಪಾದ್ರಿಗಳಿಗೆ ಹೇಳಿದೆ. ಅವರು ನನ್ನ ಬೆನ್ನು ತಟ್ಟಿದರು. ಯೋಹಾನಪ್ಪ ಕಾಕಾನನ್ನು ಕೇಳಿದರೆ, "ಬಾಜೂಕ ಕುಂತಾಂವ ನಾನು, ನನಗ ಗೊತ್ತಿಲ್ಲೇನು?" ಎಂದು ನನಗೇ ಗದರಿದರು. ಅವ್ವನಂತೂ ದೇವರೇ ನನ್ನ ಬಾಯಲ್ಲಿ ಮಾತಾಡಿದನೆಂದು ತೀರ್ಮಾನಿಸಿಬಿಟ್ಟಳು. ಸಭೆಯವರಿಗೆ ನಾನು ಧೈರ್ಯಸ್ಥನಾದೆ.

ಕರುಣಾ ಮಾತ್ರ ನನ್ನೊಡನೆ ಮಾತು ಬಿಟ್ಟಳು. ಕೊನೆಗೊಂದು ದಿನ ಶಾಲೆಯಿಂದ ಬಂದವಳು ಚೀಲವನ್ನೂ ಇಳಿಸದೆ ಕೇಳಿದಳು: "ಅಣ್ಣಾ, ಮೊದಲನೇ ರವಿವಾರ ಯಾಕ ಹೇಳಲಿಲ್ಲ?"

ನನಗೆ ಆಗ ಗೊತ್ತಿರಲಿಲ್ಲ ಎಂದೆ.

"ದಾದರಿನಾಗ ಫ್ರಾಕ್ ಆರಿಸಿದಾಂವ ನೀನ ಅಲ್ಲೇನು? ಅಷ್ಟು ಸಣ್ಣ ಫ್ರಾಕ್ ಯಾರಿಗಿ ಅಂತ ತಿಳೀಲಿಲ್ಲಾ? ಎರಡು ರವಿವಾರ ಸುಮ್ನ ಕುಂತು ನೋಡಿದಿ. ಮೂರನೇದಕ್ಕ ಎಲ್ಲಾರ ಮುಂದ ನಿಲ್ಲಿಸಿ ನನ್ನ ಮಾರಿಗಿ ಮಸಿ ಬಳದಿ."

ಫ್ರಾಕಿನ ಮಾತು ನಿಜವೇ. ಹಿಂದಿನ ಕ್ರಿಸ್‌ಮಸ್ಸಿಗೆ ತನ್ನ ಅಕ್ಕನ ಮಗಳಿಗೆಂದು ಜಯಶೀಲ ಕೊಂಡಿದ್ದ, ಬಣ್ಣ ಆರಿಸಿದವನು ನಾನು. ಗೆಳೆಯ ಅಕ್ಕನ ಮಗಳಿಗೆ ಎಂದರೆ ಯಾರು ಅನುಮಾನಿಸುತ್ತಾರೆ? ಇದನ್ನು ಎಷ್ಟು ಸಲ ಹೇಳಿದರೂ ಅವಳು ಗೋಡೆ ನೋಡುತ್ತಿದ್ದಳು.

ಕೆಲವು ವರ್ಷಗಳಾದ ಮೇಲೆ ನಡೆದ ಇನ್ನೊಂದು ಸಂಗತಿಯನ್ನೂ ಹೇಳಿಬಿಡುತ್ತೇನೆ. ದುಬೈಯಿಂದ ಬಂದ ಪರಿಚಯದವನೊಬ್ಬ ಮುಲುಂಡಿನ ತನ್ನ ಮನೆಯಲ್ಲಿ ಟೇಪ್ ರೆಕಾರ್ಡರ್ ತೋರಿಸುತ್ತ, ಏನಾದರೂ ಮಾತಾಡು ಎಂದು ಮೈಕನ್ನು ನನ್ನ ಮುಂದೆ ಹಿಡಿದ. ಹೆಸರು, ಊರು ಹೇಳಿದೆ. ತನ್ನ ದನಿ ಹೀಗಿದೆಯೆಂದು ಯಾರಿಗೂ ಮೊದಲ ಸಲಕ್ಕೆ ನಂಬಿಕೆ ಬರುವುದಿಲ್ಲ, ಎಲ್ಲರೂ ನಗುತ್ತಾರೆ. ನನಗೆ ನಗು ಬರಲಿಲ್ಲ. ಆ ಪೆಟ್ಟಿಗೆಯಿಂದ ಬಂದದ್ದು ಖಾಲಿ ಬೆಂಚಿನಿಂದ ಕೇಳಿದ್ದ ಅದೇ ದನಿ. ದನಿ ನನ್ನದೇ ಇರಬಹುದು, ಒಪ್ಪುತ್ತೇನೆ. ಆದರೆ ಸರೋಜಾ ಎಂಬ ಹೆಸರು ಅದಕ್ಕೆ ಎಲ್ಲಿಂದ ಬಂತು?

ಕರುಣಾ ಮದುವೆಯಾಗಲಿಲ್ಲ. ಅವ್ವ ತೀರಿಹೋದ ವರ್ಷ, ಮನೆಯಲ್ಲಿ ನಾವಿಬ್ಬರೇ ಉಳಿದಾಗ, ಒಂದು ಸಂಜೆ ಚಹಾ ಕೊಟ್ಟು ಎದುರಿಗೆ ಕುಳಿತಳು.

"ಗೊತ್ತಿತ್ತು ಅಂತ ಒಂದ ಸಲ ಒಪ್ಕೋ ಅಣ್ಣಾ. ಎಲ್ಲಾ ಮರತಬಿಡ್ತೀನಿ."

ಹೌದು ಎಂದುಬಿಟ್ಟಿದ್ದರೆ ನನ್ನ ತಂಗಿ ನನಗೆ ವಾಪಸು ಸಿಗುತ್ತಿದ್ದಳು. ನಾಲಿಗೆಯ ತುದಿಗೆ ಬಂದಿತ್ತು. ಆದರೆ ಒಬ್ಬ ಸುಳ್ಳುಗಾರನಿಂದ ಅವಳಿಗೆ ಆದದ್ದೇ ಸಾಕಲ್ಲವೇ ಅನ್ನಿಸಿತು.

"ನನಗ ಗೊತ್ತಿರಲಿಲ್ಲ ಕರುಣಾ. ದೇವರಾಣಿ."

"ಅವನೂ ಹಿಂಗ ಆಣಿ ಮಾಡತಿದ್ದ" ಎಂದು ಖಾಲಿ ಕಪ್ಪುಗಳನ್ನು ಎತ್ತಿಕೊಂಡು ಒಳಗೆ ಹೋದಳು.