ನಾನು ಪಾಳಿ ಹಚ್ಚಿದ ದಿನ

ಮೊನ್ನೆ ಮೊಮ್ಮಗಳು ಸಾಲೆಯ ಚಾರ್ಟಿನ ಮೇಲೆ ದಪ್ಪ ಮಾರ್ಕರಿನಿಂದ ಹೂವಿನ ಭಾಗಗಳ ಹೆಸರು ಬರೆಯುತ್ತ ಕೂತಿದ್ದಳು. ಆ ಮಾರ್ಕರಿನ ಘಾಟು ಮೂಗಿಗೆ ಬಡಿದದ್ದೇ ತಡ, ನಾನು ಎಷ್ಟೋ ವರ್ಷ ಹಿಂದಕ್ಕೆ ಸರಿದು ಬೆಳಗಾವಿಯ ಒಂದು ಸಭಾಭವನದ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಿದ್ದೆ. ನಿಮಗೆ ವಾಸನೆಗಳಿಂದ ಬಾಲ್ಯವೋ ಪ್ರೀತಿಯೋ ನೆನಪಾಗುತ್ತಿರಬಹುದು. ಸರ್ಕಾರಿ ನೌಕರಿ ಮಾಡಿದವನಿಗೆ ನೆನಪಾಗುವುದು ತರಬೇತಿ.

ಆಗ ನಾನು ಖಾನಾಪುರದ ತಾಲೂಕು ಪಂಚಾಯಿತಿ ಕಚೇರಿಯಲ್ಲಿ ಮ್ಯಾನೇಜರ್. ಪೀರನವಾಡಿಯ ಮನೆಯಿಂದ ದಿನಾ ಬಸ್ಸಿನಲ್ಲಿ ಹೋಗಿ ಬರುತ್ತಿದ್ದೆ. ಒಂದು ಫೆಬ್ರುವರಿಯಲ್ಲಿ, ‘ನಾಯಕತ್ವ ಮತ್ತು ಸಂವಹನ ಕೌಶಲ’ದ ಮೂರು ದಿನದ ತರಬೇತಿಗೆ ಹಾಜರಾಗತಕ್ಕದ್ದು ಎಂದು ಆದೇಶ ಬಂತು. ಸಂವಹನ ಎಂಬ ಶಬ್ದವನ್ನು ನಾನು ಅಲ್ಲಿಯವರೆಗೆ ಬಾಯಲ್ಲಿ ಆಡಿದವನಲ್ಲ. ಹೆಂಡತಿ ಅದರ ಅರ್ಥವನ್ನೇನೂ ಕೇಳಲಿಲ್ಲ. ಊಟ ಕೊಡುತ್ತಾರೋ, ಡಬ್ಬಿ ಕಟ್ಟಬೇಕೋ ಎಂದಷ್ಟೇ ಕೇಳಿದಳು.

ತರಬೇತಿ ಕೊಡಲು ಬಂದವರು ಮುಖ್ಯೋಪಾಧ್ಯಾಯಿನಿಯಾಗಿ ನಿವೃತ್ತರಾದ ಧಾರವಾಡದ ಹೆಣ್ಣುಮಗಳು. ನಾವು, ತಲೆ ನರೆತ ಅಧಿಕಾರಿಗಳು, ಮಧ್ಯಾಹ್ನದ ಹೊತ್ತಿಗೇ ಸಾಲೆಯ ಹುಡುಗರಂತೆ ಅವರನ್ನು ಅಕ್ಕೋರೇ ಎಂದು ಕರೆಯತೊಡಗಿದ್ದೆವು. ಎರಡನೆಯ ದಿನ ಅವರು ನಮಗೊಂದು ಕೆಲಸ ಹಚ್ಚಿದರು. ಊಟವಾದ ಮೇಲೆ ಪ್ರತಿಯೊಬ್ಬರೂ ಊರೊಳಗೆ ತಮ್ಮ ಗುರುತಿಲ್ಲದ ಒಂದು ಕಚೇರಿಗೆ ಹೋಗಬೇಕು. ತಮ್ಮ ಹುದ್ದೆ ಹೇಳಬಾರದು. ಖರೇ ಇರುವ ಒಂದು ಕೆಲಸ ಕೇಳಬೇಕು. ಸಂಜೆ ಬಂದು ಏನಾಯಿತೆಂದು ಎಲ್ಲರೆದುರು ಹೇಳಬೇಕು.

ನಾನು ಆರಿಸಿಕೊಂಡದ್ದು ರಸ್ತೆ, ಸೇತುವೆ ನೋಡಿಕೊಳ್ಳುವ ಒಂದು ಕಚೇರಿ. ಹೆಸರು ಬೇಡ ಬಿಡಿ. ನಮ್ಮ ಓಣಿಯ ರಸ್ತೆ ಯಾವಾಗ ಆಗುತ್ತದೆ ಎಂದು ಕೇಳಿದೆ. ಗುಮಾಸ್ತ ತಲೆ ಎತ್ತದೆ ಆಗತೈತಿ ಅಂದ. ಯಾವಾಗ ಅಂದದ್ದಕ್ಕೆ ಪೆನ್ನಿನಿಂದ ಬಾಜು ಟೇಬಲ್ ತೋರಿಸಿದ. ಆ ಕುರ್ಚಿಯ ಬೆನ್ನಿಗೆ ಒಂದು ಕರವಸ್ತ್ರ ತೂಗುತ್ತಿತ್ತು, ಮನುಷ್ಯ ಇರಲಿಲ್ಲ. ನಮ್ಮ ಕಚೇರಿಯಲ್ಲೂ ಹೀಗೆಯೇ ಕರವಸ್ತ್ರಗಳು ಹಾಜರಿ ಹಾಕುತ್ತವೆ. ಆದರೆ ಅದನ್ನು ಟೇಬಲ್ಲಿನ ಈ ಬದಿಯಿಂದ ನಾನು ನೋಡಿದ್ದು ಅದೇ ಮೊದಲು. ಸಿಟ್ಟಿಗಿಂತ ಕುತೂಹಲವೇ ಹೆಚ್ಚಾಗಿ ಅಲ್ಲಿಯೇ ಸರದಿ ಕಾಯುತ್ತ ನಿಂತೆ.

“ಸಾಹೇಬ್ರ, ನೀವೂ ಪಾಳಿ ಹಚ್ಚೀರೇನು?”

ತಿರುಗಿ ನೋಡಿದರೆ ವಿಠ್ಠು ಮಾಮಾ. ಖಾನಾಪುರದಾಚೆಯ ಕಾಡಿನೊಳಗೆ ಎಮ್ಮೆ ಸಾಕುವ ಗೌಳಿಗರ ಪುಟ್ಟ ಹಟ್ಟಿ, ಗೌಳಿವಾಡೆಯ ಹಿರಿಯ. ಹಿಂದಿನ ಆರು ತಿಂಗಳಲ್ಲಿ ಐದಾರು ಸಲವಾದರೂ ನನ್ನ ಟೇಬಲ್ಲಿಗೆ ಬಂದಿದ್ದ. ತಮ್ಮ ವಾಡೆಯ ಹಳ್ಳಕ್ಕೆ ಸೇತುವೆ ಬೇಕೆಂಬ ಅರ್ಜಿ ಅವನದು. ಸೇತುವೆ ನಮ್ಮ ವ್ಯಾಪ್ತಿಗೆ ಬರುವುದಿಲ್ಲ, ಸಂಬಂಧಪಟ್ಟ ಕಚೇರಿಯಲ್ಲಿ ವಿಚಾರಿಸತಕ್ಕದ್ದು ಎಂದು ನಾನೇ ಅದರ ಮೇಲೆ ಬರೆದು ಸಹಿ ಮಾಡಿ ಕಳಿಸಿದ್ದೆ. ಸಂಬಂಧಪಟ್ಟ ಕಚೇರಿ ಎಂದರೆ ಇದೇ. ಅವನ ಕೈಯ ಪ್ಲಾಸ್ಟಿಕ್ ಚೀಲದೊಳಗೆ ನನ್ನ ಸಹಿ ನನ್ನನ್ನೇ ನೋಡುತ್ತಿತ್ತು.

ತರಬೇತಿಯ ವಿಷಯ ಅವನಿಗೆ ಹೇಳುವಂತಿರಲಿಲ್ಲ. ಹೀಗೇ ಒಂದು ಕೆಲಸವಿತ್ತು ಎಂದೆ. ಅವನಿಗೆ ನನ್ನ ಮೇಲೆ ಕನಿಕರ ಬಂತು. ವರಾಂಡದ ಕಟ್ಟೆಗೆ ಕರೆದುಕೊಂಡು ಹೋಗಿ, ಕಂಬಳಿ ಸರಿಸಿ ಜಾಗ ಮಾಡಿಕೊಟ್ಟು, ಕಚೇರಿಯಲ್ಲಿ ಹೇಗೆ ಮಾತಾಡಬೇಕೆಂದು ಕಲಿಸತೊಡಗಿದ. ಊಟವಾದ ಕೂಡಲೇ ಕೇಳಬಾರದು, ಚಹಾ ಬರುವತನಕ ತಡೆಯಬೇಕು. ಯಾವಾಗ ಎಂದು ಕೇಳಿದರೆ ಸಾಹೇಬರಿಗೆ ಸಿಟ್ಟು ಬರುತ್ತದೆ, ಯಾವ ಟೇಬಲ್ ಎಂದು ಕೇಳಬೇಕು. ಕಾಗದ ಮಡಚಿ ಕೊಡಬಾರದು. ಹೀಗೆ ಇನ್ನೂ ಎಷ್ಟೋ. ಅಕ್ಕೋರ ಚಾರ್ಟುಗಳಲ್ಲಿ ಇಷ್ಟು ವಿದ್ಯೆ ಇರಲಿಲ್ಲ.

ನನಗೆ ತಡೆಯಲಾಗಲಿಲ್ಲ. ನಮ್ಮ ಕಚೇರಿಗೆ ಬಂದಾಗ ಏನು ಮಾಡುತ್ತೀರಿ ಎಂದು ಕೇಳಿಬಿಟ್ಟೆ. ಅವನು ತನ್ನ ಕಾಲು ನೋಡಿಕೊಂಡ. ಸಿಟ್ಟಾಗುವುದಿಲ್ಲವೆಂದು ಮಾತು ಕೊಟ್ಟ ಮೇಲೆ ಹೇಳಿದ.

“ಸೋಮವಾರ ಬರೂದಿಲ್ಲರೀ. ನೀವು ಚಸ್ಮಾ ಹಣಿ ಮ್ಯಾಲ ಏರಿಸಿದ್ರ ಮಾತಾಡಬೇಕು, ಕಣ್ಣಿಗೆ ಇಳಿಸಿದ್ರ ಸುಮ್ಮ ನಿಂದರಬೇಕು. ನಮ್ಮ ವಾಡೇದಾಗ ಸಣ್ಣ ಹುಡುಗೂರಿಗೂ ಇದು ಗೊತ್ತೈತಿ.”

ನಾನು ಎಂದೂ ಹೋಗದ ಒಂದು ವಾಡೆ, ಅಲ್ಲಿ ನನ್ನ ಚಸ್ಮಾದ ಏರಿಳಿತ ಮಕ್ಕಳಿಗೂ ಬಾಯಿಪಾಠ. ಅವರ ಬಗ್ಗೆ ನನಗೇನು ಗೊತ್ತಿತ್ತು? ಒಂದು ಕಡತದ ನಂಬರು. ನಾಚಿಕೆಯನ್ನು ನುಂಗಿಕೊಂಡು, ಅರ್ಜಿಯನ್ನು ಚೀಲದಲ್ಲೇ ಇರಗೊಟ್ಟು, ಸೇತುವೆ ಎಷ್ಟು ದೊಡ್ಡದಾಗಬೇಕು ಮಾಮಾ ಎಂದು ಕೇಳಿದೆ.

“ಸೇತುವಿ ಯಾರಿಗೆ ಬೇಕರೀ?” ಅಂದ.

ಆಮೇಲೆ ನಿಧಾನವಾಗಿ, ನಡುನಡುವೆ ಮರಾಠಿಗೆ ಜಾರುತ್ತ, ಎಲ್ಲ ಹೇಳಿದ. ಹೋದ ಮಳೆಗಾಲದಲ್ಲಿ ಹಳ್ಳದ ದಂಡೆಯ ಮರವೊಂದು ಉರುಳಿಬಿದ್ದಿತ್ತು. ಅದನ್ನು ಎಳೆದು ಹಳ್ಳಕ್ಕೆ ಅಡ್ಡ ಹಾಕಿದರೆ ವಾಡೆಯ ಏಳು ಮಕ್ಕಳು ಸಾಲೆಗೆ ಹೋಗಬಹುದು. ಇಲ್ಲವಾದರೆ ಜೂನಿನಿಂದ ನೀರು ಇಳಿಯುವತನಕ ಮನೆಯಲ್ಲೇ. ಅವನ ಮೊಮ್ಮಗಳು ಹಾಗೆ ಎರಡು ವರ್ಷ ಒಂದೇ ಇಯತ್ತೆಯಲ್ಲಿ ಉಳಿದಿದ್ದಳು, ಮೂರನೆಯ ವರ್ಷ ಸಾಲೆ ಬಿಡಿಸೋಣ ಎನ್ನುತ್ತಿದ್ದರು ಮನೆಯವರು. ಮರ ಅರಣ್ಯ ಇಲಾಖೆಯದು, ಮುಟ್ಟಿದರೆ ಕೇಸು. ವಾಡೆಯವರಿಗೆ ಬೇಕಾದದ್ದು ಅರಣ್ಯ ಇಲಾಖೆಗೆ ನಮ್ಮ ಕಚೇರಿಯಿಂದ ಒಂದು ಪತ್ರ, ಅಷ್ಟೇ. ಅರ್ಜಿ ಬರೆದುಕೊಟ್ಟವನಿಗೆ ಬಿದ್ದ ಮರ ತೀರ ಸಣ್ಣ ವಿಷಯ ಅನ್ನಿಸಿ, ‘ಸೇತುವೆ ನಿರ್ಮಾಣ’ ಎಂದು ಬರೆದಿದ್ದ.

ಸಂಜೆ ಸಭಾಭವನದಲ್ಲಿ ನಾನು ಕರವಸ್ತ್ರದ ಕಥೆ ಹೇಳಿ ಎಲ್ಲರನ್ನೂ ನಗಿಸಿದೆ. ಚಸ್ಮಾದ ಕಥೆ ಹೇಳಲಿಲ್ಲ. ಪಾಳಿಯಲ್ಲಿ ಒಬ್ಬ ಪರಿಚಯದ ಹಿರಿಯ ಸಿಕ್ಕಿದ್ದ ಎಂದು ಮಾತಿನ ಭರದಲ್ಲಿ ಬಾಯಿಬಿಟ್ಟಿದ್ದೆ. ಅಕ್ಕೋರು ಅದನ್ನೇ ಹಿಡಿದು, ಅವರಿಗೆ ಏನು ಬೇಕಾಗಿತ್ತು ಎಂದು ಕೇಳಿದರು. ನನಗೆ ಇವತ್ತೇ ಗೊತ್ತಾಯಿತು ಎಂದೆ. ಅವರು ಮುಂದೇನೂ ಕೇಳಲಿಲ್ಲ. ಕೇಳಿದ್ದರೆ ಹೇಳುತ್ತಿದ್ದೆನೋ ಏನೋ.

ಖಾನಾಪುರಕ್ಕೆ ಮರಳಿದವನು ಪತ್ರ ಬರೆಸಿ, ಮೇಲಿನವರ ಸಹಿ ಹಾಕಿಸಿ, ಟಪಾಲಿಗೆ ಹಾಕದೆ ನಾನೇ ಅರಣ್ಯ ಕಚೇರಿಗೆ ಒಯ್ದೆ. ಅಲ್ಲಿ ಚಹಾ ಬರುವತನಕ ತಡೆದೆ. ಯಾವ ಟೇಬಲ್ ಎಂದು ಕೇಳಿದೆ. ಅನುಮತಿ ಸಿಗಲು ಆಮೇಲೂ ಮೂರು ಸಲ ಹೋಗಬೇಕಾಯಿತು, ಆದರೆ ಮಳೆ ಹಿಡಿಯುವ ಮೊದಲು ಸಿಕ್ಕಿತು.

ಜೂನ್ ಕೊನೆಗೆ ಒಂದು ರವಿವಾರ ಆ ವಾಡೆಗೆ ಹೋದೆ. ಹಳ್ಳ ಕೆಂಪಗೆ ತುಂಬಿ ಹರಿಯುತ್ತಿತ್ತು. ಮರದ ಮೇಲ್ಮೈಯನ್ನು ಬಾಚಿಯಿಂದ ಕೆತ್ತಿ ಸಪಾಟು ಮಾಡಿ, ಹಿಡಿದುಕೊಳ್ಳಲು ಒಂದು ಬದಿಗೆ ಹಗ್ಗ ಕಟ್ಟಿದ್ದರು. ವಿಠ್ಠು ಮಾಮಾನ ಮೊಮ್ಮಗಳು ಹಗ್ಗ ಮುಟ್ಟದೆ ಆಚೆ ದಾಟಿ, ಈಚೆ ಬಂದು ತೋರಿಸಿದಳು. ಅವಳನ್ನು ಸಾಲೆ ಬಿಡಿಸಿರಲಿಲ್ಲ. ನಾನು ಎರಡೂ ಕೈಯಿಂದ ಹಗ್ಗ ಹಿಡಿದು ದಾಟಿದೆ, ಅವಳು ನಕ್ಕಳು.

ದಾಟಿದ ಮೇಲೆ, ತಿಂಗಳುಗಟ್ಟಲೆ ನನ್ನನ್ನು ಕೊರೆಯುತ್ತಿದ್ದ ಪ್ರಶ್ನೆ ಕೇಳಿದೆ. ಅಷ್ಟು ಸಲ ಬಂದಿರಿ, ಮರದ ಮಾತು ಒಮ್ಮೆಯಾದರೂ ಯಾಕೆ ಹೇಳಲಿಲ್ಲ?

ವಿಠ್ಠು ಮಾಮಾನ ದನಿಯಲ್ಲಿ ದೂರು ಇರಲಿಲ್ಲ.

“ಪ್ರತಿ ಸಲ ನೀವು ಅರ್ಜಿ ಓದಾಕ ಹತ್ತಿರತಿದ್ರಿ, ಸಾಹೇಬ್ರ. ಓದೋರ ನಡಕ ಬಾಯಿ ಹಾಕೂದು ಹೆಂಗ?”

ಈಗ ನಿವೃತ್ತನಾಗಿ ಮನೆಯಲ್ಲಿದ್ದೇನೆ. ಅರ್ಜಿ ಬರೆಸಲು ಪೀರನವಾಡಿಯ ಜನ ಬರುತ್ತಾರೆ. ಮೊದಲು ಮಾತಾಡಿ, ಕಾಗದ ಆಮೇಲೆ ಎನ್ನುತ್ತೇನೆ. ಕೆಲವರಿಗೆ ಇದು ಬೇಸರ. ಇವತ್ತು ಮುಂಜಾನೆ ಹಿಂದಿನ ಓಣಿಯ ಹೆಣ್ಣುಮಗಳೊಬ್ಬಳು ನೀರಿನ ಪೈಪಿನ ವಿಷಯಕ್ಕೆ ಬಾಜು ಮನೆಯವರ ಮೇಲೆ ತಕರಾರು ಬರೆಸಲು ಬಂದಳು. ಪೈಪಿನಿಂದ ಸುರುವಾದ ಮಾತು, ಬಾಜು ಮನೆಯಾಕೆ ತನ್ನನ್ನು ಕರೆಯದ ಒಂದು ಮದುವೆಗೆ ಬಂದು ನಿಂತಿತು. ಅಲ್ಲಿಗೆ ಎದ್ದಳು. “ಅರ್ಜಿ ಬ್ಯಾಡ ಬಿಡ್ರಿ ಕಾಕಾ. ಮೊದಲ ಆಕಿನ್ನ ಕೇಳಿ ಬರತೀನಿ” ಅಂದು ಹೋದಳು.

ಏನು ಕೇಳಿದಳೋ, ಆಕೆ ಏನಂದಳೋ. ಮಧ್ಯಾಹ್ನದಿಂದ ನಾಲ್ಕು ಸಲ ಗೇಟಿಗೆ ಬಂದು ಆ ಓಣಿಯ ಕಡೆ ನೋಡಿದ್ದೇನೆ.