ಮಲಕವ್ವ ಓಟು ಹಾಕದ ವರ್ಷ

ಐಗಳಿ ದಾಟಿ ಮುಂದೆ ಹೋದರೆ ಊರಿಗಿಂತ ತೋಟದ ಮನೆಗಳೇ ಹೆಚ್ಚು. ಮಲಕವ್ವನ ತವರಿನ ತೋಟಕ್ಕೂ ಗಂಡನ ತೋಟಕ್ಕೂ ನಡುವೆ ಒಂದು ಕಾಲುವೆ, ಅಷ್ಟೇ. ಈ ದಂಡೆಯಲ್ಲಿ ಒಗ್ಗರಣೆ ಹಾಕಿದರೆ ಆ ದಂಡೆಯಲ್ಲಿ ಸೀನು ಬರುವಷ್ಟು ಹತ್ತಿರ. ಮದುವೆಯಾದಾಗ ಎಲ್ಲರೂ ಪುಣ್ಯ ಮಾಡಿದ್ದಾಳೆ ಅಂದಿದ್ದರು. ಪಂಚಾಯತಿ ಚುನಾವಣೆ ಬರುವ ತನಕ ಅವಳೂ ಹಾಗೇ ತಿಳಿದಿದ್ದಳು.

ಆ ಸಲ ಒಂದೇ ಸೀಟಿಗೆ ಅವಳ ಅಣ್ಣ ಅಮೋಘಸಿದ್ದನೂ ನಿಂತ, ಅವಳ ಗಂಡನ ಅಣ್ಣ ಬಾಳಾಸಾಬನೂ ನಿಂತ. ಹಿರಿಯರು ಇಬ್ಬರ ಕೈಕಾಲು ಹಿಡಿದರೂ ಒಬ್ಬನೂ ನಾಮಪತ್ರ ವಾಪಸು ತೆಗೆಯಲಿಲ್ಲ. ಜನಸೇವೆಯ ಹಂಬಲ ಇಬ್ಬರಿಗೂ ಉಕ್ಕಿ ಬಂದಿತ್ತು ಅಂತ ನಂಬುವವರು ನಂಬಲಿ. ಇದ್ದದ್ದು ಬರೀ ಮೀಸೆಯ ಹಟ.

ಗಂಡ ಹಾಲೇಶ ಮನೆಯ ಮರ್ಯಾದೆಯ ಮಾತಾಡಿದ. ಅಣ್ಣ ಬಂದು, ನನ್ನ ಬೆನ್ನಿಗೆ ಬಿದ್ದವಳು ನೀನು, ನಿನ್ನ ಓಟು ನಾನು ಕೇಳಬೇಕೇ ಅಂತ ನಕ್ಕು ಹೋದ. ಒಳಗೆ ಹೋಗಿ ಯಾರದೋ ಗುರುತಿನ ಮೇಲೆ ಶಿಕ್ಕಾ ಒತ್ತಿ, ಹೊರಗೆ ಬಂದು ಇಬ್ಬರಿಗೂ ನಿಮಗೇ ಹಾಕಿದೆ ಅನ್ನಬಹುದಿತ್ತು. ಊರೆಲ್ಲ ಮಾಡುವುದು ಅದನ್ನೇ. ಈ ಹೆಂಗಸಿಗೆ ಅಷ್ಟು ಸಲೀಸಾದ ಸುಳ್ಳೂ ಬರಲಿಲ್ಲ. ಗಂಡನ ಮುಂದೆಯೇ ಹೇಳಿಬಿಟ್ಟಳು.

“ನನಗ ಇಬ್ಬರೂ ಬೇಕ್ರಿ. ಒಬ್ಬರಿಗೆ ಹಾಕಿದ್ರ ಇನ್ನೊಬ್ಬರು ಬ್ಯಾಡ ಅಂದಂಗ ಆಗತೈತಿ. ನಾ ಓಟ ಹಾಕಾಕ ಹೋಗಂಗಿಲ್ಲ.”

ಅಣ್ಣನಿಗೂ ಅವ್ವ ಸೀತವ್ವನಿಗೂ ಅದನ್ನೇ ಹೇಳಿ ಕಳಿಸಿದಳು. ಮಾತಿಗೆ ಅಂದಿದ್ದಾಳೆ, ಆ ದಿನ ಬಂದೇ ಬರುತ್ತಾಳೆ ಅಂತ ಗಂಡಸರು ತಿಳಿದರು. ಮತದಾನದ ದಿನ ಎರಡೂ ಕಡೆಯ ಗಾಡಿಗಳು ಬಾಗಿಲಿಗೆ ಬಂದಾಗ ಅವಳು ಕುರಿ ಹೊಡೆದುಕೊಂಡು ಹೋಗಿದ್ದಳು.

ಎಣಿಸಿದರೆ ಇಬ್ಬರಿಗೂ ಸಮಸಮ ಓಟು. ಕೊನೆಗೆ ಚೀಟಿ ಎತ್ತಿದರು, ಬಾಳಾಸಾಬನ ಹೆಸರು ಬಂತು. ಗುಲಾಲು ಹಾರಿತು. ಆದರೆ ಜನ ಅವನಿಗೆ ‘ಚೀಟಿ ಮೆಂಬರ’ ಅಂತ ಹೆಸರಿಟ್ಟರು. ಅದು ಅವನಿಗೆ ಸೋತದ್ದಕ್ಕಿಂತ ಕಡೆಯಾಯಿತು. ಮನೆಯ ಸೊಸೆಯೇ ಓಟು ಹಾಕಿದ್ದರೆ ಈ ಚೀಟಿಯ ಗೊಡವೆ ಯಾಕಿತ್ತು ಅಂತ ಅವನು ಉಣ್ಣುವಾಗಲೆಲ್ಲ ತೆಗೆಯುತ್ತಿದ್ದ. ಅವಳ ಅಣ್ಣ ಕಾಲುವೆಯ ಮೇಲೆ ಎದುರಾದರೆ ಮುಖ ತಿರುವಿಕೊಂಡು ಹೋಗುತ್ತಿದ್ದ. ಬೈದಿದ್ದರೆ ಅವಳು ತಡೆದುಕೊಳ್ಳುತ್ತಿದ್ದಳು.

ಶ್ರಾವಣ ಬಂತು, ಪಂಚಮಿ ಬಂತು. ಎಷ್ಟೇ ಹತ್ತಿರವಿದ್ದರೂ ಅಣ್ಣ ಬಂದು ಕರೆಯದೆ ತಂಗಿ ಹಬ್ಬಕ್ಕೆ ಹೋಗುವುದುಂಟೇ? ಅವಳು ಮುಂಜಾನೆಯೇ ತಲೆಗೆ ಎರಕೊಂಡು, ಹೊಸ ಸೀರೆಯುಟ್ಟು ಕಟ್ಟೆಯ ಮೇಲೆ ಕೂತಳು. ತವರಿನ ಬೇವಿನ ಮರದ ಜೋಕಾಲಿ ಇಲ್ಲಿಂದಲೇ ಕಾಣುತ್ತಿತ್ತು. ಅತ್ತಿಗೆ ಜೀಕುತ್ತಿದ್ದಳು. ಹೊತ್ತು ನೆತ್ತಿಗೆ ಬಂದರೂ ಅಣ್ಣ ಬರಲಿಲ್ಲ. ಹಾಕದ ಒಂದು ಓಟಿಗೆ ತವರೇ ಹೋಯಿತಲ್ಲ ಅಂದುಕೊಂಡಳು.

ಮಧ್ಯಾಹ್ನ ಸೀತವ್ವ ಒಬ್ಬಳೇ ಬಂದಳು, ಉಡಿಯಲ್ಲಿ ಶೇಂಗಾ ಉಂಡಿ ಕಟ್ಟಿಕೊಂಡು, ಮಗನಿಗೆ ಗೊತ್ತಾಗದಂತೆ. ಮಲಕವ್ವ ಅವಳ ತೊಡೆಯ ಮೇಲೆ ಬಿದ್ದು ಅತ್ತಳು. ಅಣ್ಣನಿಗೇ ಹಾಕಿಬಿಡಬೇಕಿತ್ತು, ನನ್ನಿಂದಲೇ ಅವನು ಸೋತ ಅಂದಳು. ಸೀತವ್ವ ಬಾಗಿಲ ಕಡೆ ಒಮ್ಮೆ ನೋಡಿ, ತಗ್ಗಿದ ದನಿಯಲ್ಲಿ ಹೇಳಿದಳು.

“ಅವ ನಿನ್ನಿಂದ ಸೋತಿಲ್ಲಬೇ. ನಾ ಬಾಳಾಸಾಬಗ ಹಾಕೀನಿ. ನೀ ಹೋಗಂಗಿಲ್ಲ ಅಂತ ಕುಂತಿ. ಅವರು ಸೋತಿದ್ರ ಈ ಮನ್ಯಾಗ ನಿನ್ನ ಬಾಳೇ ಮಾಡಾಕ ಬಿಡ್ತಿದ್ರೇನ?”

ಮಲಕವ್ವನ ಅಳು ನಿಂತಿತು. ಅವ್ವನ ಓಟು ಮಗನಿಗೇ ಬಿದ್ದಿದ್ದರೆ ಚೀಟಿಯ ಮಾತೇ ಇರಲಿಲ್ಲ, ಅಣ್ಣ ನೆಟ್ಟಗೆ ಗೆದ್ದಿರುತ್ತಿದ್ದ. ಈ ಸಂಗತಿ ಅವನ ಕಿವಿಗೆ ಹಾಕಿದರೆ ನಾಳೆಯೇ ಬಂದು ಕರೆದಾನು. ಆದರೆ ಅವ್ವ ದಿನಾ ಉಣ್ಣುವುದು ಅವನ ಮನೆಯಲ್ಲಿ. ಅವನು ಎಂಥ ಸಿಟ್ಟಿನವನು ಅಂತ ಮಲಕವ್ವನಿಗೆ ಗೊತ್ತಿಲ್ಲವೇ? ಅವಳು ಎದ್ದು ಕೂತು ಕಣ್ಣೊರೆಸಿಕೊಂಡಳು.

“ಇದನ್ನ ಯಾರ ಮುಂದೂ ಆಡಬ್ಯಾಡ ಯವ್ವ. ಅಣ್ಣ ನನ್ನ ಮ್ಯಾಲೇ ಸಿಟ್ಟಾಗಿರಲಿ,” ಅಂದಳು.

ಸೀತವ್ವ ಮಗಳ ತಲೆಯ ಮೇಲೆ ಕೈಯಿಟ್ಟು, ಉಂಡಿಯನ್ನು ಅವಳ ಉಡಿಗೆ ಹಾಕಿ, ಕಾಲುವೆ ದಾಟಿ ಮಗನ ಮನೆಗೆ ಹೋದಳು.