ಹಾಯಿಹಡಗಿನ ಸಿನಿಮಾದಲ್ಲಿ ಎದ್ದು ನಿಂತ ಚಿಕ್ಕಮ್ಮ

ಪೋಸ್ಟರಿನಲ್ಲಿ ಅಗಲ ನೆರಿಗೆಯ ಗೌನು ತೊಟ್ಟ ರಾಣಿಯಿದ್ದಳು, ಅವಳ ಪಕ್ಕದಲ್ಲಿ ಕತ್ತಿ ಹಿಡಿದವನಿದ್ದ. ರಾಜ-ರಾಣಿಯ ಕಥೆ ಎಂದುಕೊಂಡೇ ನಾನು ಚಿಕ್ಕಮ್ಮನನ್ನು ಕರೆದುಕೊಂಡು ಹೊರಟದ್ದು. ಎಪ್ಪತ್ತರ ದಶಕ ಆಗಷ್ಟೇ ಶುರುವಾಗಿತ್ತು. ನಾನು ಭಾಂಡುಪಿನ ಚಾಳಿನಿಂದ ಲೋಕಲ್ ರೈಲು ಹಿಡಿದು ಮಾಟುಂಗದ ಕಾಲೇಜಿಗೆ ಹೋಗುತ್ತಿದ್ದ ಕಾಲ. ಅರ್ಧಂಬರ್ಧ ಇಂಗ್ಲಿಷ್ ಬರುತ್ತಿತ್ತು, ಜಂಬ ಮಾತ್ರ ಪೂರ್ತಿ ಇತ್ತು. ಭಾನುವಾರ ಬೆಳಗಿನ ಆಟಕ್ಕೆ ಇಂಗ್ಲಿಷ್ ಸಿನಿಮಾ ಹಾಕುತ್ತಿದ್ದ ಟಾಕೀಸೊಂದು ಮಾಟುಂಗದಲ್ಲಿತ್ತು.

ಚಿಕ್ಕಮ್ಮ ಅಮ್ಮನ ತಂಗಿ. ಚಿಕ್ಕಪ್ಪ ಸರಕು ಹಡಗಿನಲ್ಲಿ ಅಡುಗೆಯವರಾಗಿದ್ದರು. ಒಂದು ಸಲ ಹೋದವರಿಗೆ ನಡುನೀರಿನಲ್ಲಿ ಜ್ವರ ಬಂತು, ತಿರುಗಿ ಬರಲಿಲ್ಲ. ಅವರ ಜೊತೆಗಿದ್ದವನೊಬ್ಬ ಟ್ರಂಕು ತಂದಿಟ್ಟು, "ದಡ ದೂರ ಇತ್ತು, ಹೆಣ ಇಟ್ಕೊಳ್ಲಿಕ್ಕೆ ಆಗ್ಲಿಲ್ಲ. ಸಮುದ್ರಕ್ಕೇ ಬಿಟ್ಟದ್ದು" ಎಂದು ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಹೇಳಿ, ಚಹಾ ಕುಡಿದು ಹೋದ. ಊರಿನಲ್ಲಿ ಉತ್ತರಕ್ರಿಯೆ ನಡೆಯಿತು. ಅದರ ನಂತರ ಚಿಕ್ಕಮ್ಮ ನಮ್ಮ ಮನೆಗೆ ಬಂದರು. ಅವರ ತಲೆಯಲ್ಲಿ ಒಂದೇ ಪ್ರಶ್ನೆ ಕುಳಿತಿತ್ತು: ಬಿಟ್ಟದ್ದು ಎಂದರೆ ಹೇಗೆ ಬಿಟ್ಟದ್ದು? ಬಾಯಿಗೆ ಒಂದು ತೊಟ್ಟು ನೀರು ಹಾಕಿದರೇ, ಒಬ್ಬನಾದರೂ ಪಕ್ಕದಲ್ಲಿ ನಿಂತನೇ, ಅಥವಾ ಅಡುಗೆಮನೆಯ ಕಸದ ಹಾಗೆ ಕಟಕಟೆಯಾಚೆ ಎಸೆದರೇ? ಈ ಕೊನೆಯ ಮಾತನ್ನು ಅವರು ಒಮ್ಮೆ ಅಕ್ಕಿ ಆರಿಸುತ್ತ ನನ್ನ ಹತ್ತಿರ ಆಡಿದ್ದರು. ಚಾಳಿನಲ್ಲಿ ಯಾರಾದರೂ ಮನೆಗಳ ಮುಂದಿನ ಗ್ಯಾಲರಿಯಿಂದ ಸಿಪ್ಪೆ ಕೆಳಗೆ ಎಸೆದರೆ ಅವರು ಮುಖ ತಿರುಗಿಸಿ ಒಳಗೆ ಹೋಗುತ್ತಿದ್ದರು.

ಅಂಥವರನ್ನು ಕೂರಿಸಿಕೊಂಡು ಕತ್ತಲಾಗುವುದನ್ನು ಕಾಯುತ್ತಿದ್ದರೆ, ಪರದೆಯ ತುಂಬ ಸಮುದ್ರ! ಹಳೆಯ ಕಾಲದ ಹಾಯಿಹಡಗು, ಅದರ ಮೈತುಂಬ ಫಿರಂಗಿ. ರಾಣಿ ಎರಡು ನಿಮಿಷ ಕಾಣಿಸಿ ಕರವಸ್ತ್ರ ಬೀಸಿ ಹೋದಳು.

"ಹೋಗುವನಾ ಚಿಕ್ಕಮ್ಮ?" ಎಂದೆ.

"ಕೂತ್ಕೊ. ಬಂದಾಯ್ತಲ್ಲ," ಎಂದರು. ಅವರ ಕಣ್ಣು ಪರದೆಯ ಮೇಲೇ ಇತ್ತು.

ಬೆಳಗಿನ ಆಟವೆಂದರೆ ಆ ಟಾಕೀಸಿನಲ್ಲಿ ಅರ್ಧ ನಮ್ಮವರೇ. ಸುತ್ತಲಿನ ಉಡುಪಿ ಹೋಟೆಲುಗಳಲ್ಲಿ ರಜೆ ಸಿಕ್ಕವರೆಲ್ಲ ತಲೆಗೆ ಎಣ್ಣೆ ಹಚ್ಚಿಕೊಂಡು, ಬಿಳಿ ಅಂಗಿ ತೊಟ್ಟು ಬಂದು ಕೂರುತ್ತಿದ್ದರು. ಇಂಗ್ಲಿಷಿನ ಒಂದಕ್ಷರ ಬೇಡ ಅವರಿಗೆ, ಕಥೆಯನ್ನು ತಾವೇ ನಡೆಸುತ್ತಿದ್ದರು. ಬಿರುಗಾಳಿ ಎದ್ದಾಗ "ಹಾಯಿ ಇಳ್ಸು ಮಾರಾಯ, ಎಂತ ನೋಡ್ತಾ ನಿಂತದ್ದು!" ಎಂದು ಕಪ್ತಾನನಿಗೇ ಬುದ್ಧಿ ಹೇಳಿದರು. ಹಡಗು ವಾಲಿ ಮೇಜಿನ ಮೇಲಿನ ತಟ್ಟೆಗಳೆಲ್ಲ ಜಾರಿದಾಗ "ಪ್ಲೇಟ್ ಹಿಡಿಯಾ, ಸೇಟು ಸಂಬಳದಲ್ಲಿ ಮುರೀತಾನೆ!" ಎಂದು ಒಬ್ಬ ಕೂಗಿದ. ಇಡೀ ಟಾಕೀಸು ನಕ್ಕಿತು. ನನಗೆ ಸಿಟ್ಟು. ಸಿಟ್ಟು ಯಾವಾಗಲೂ ನನ್ನ ಮೂಗಿನ ತುದಿಯಲ್ಲೇ ಇರುತ್ತದೆ. ಇವರ ಗಲಾಟೆಯಲ್ಲಿ ಒಂದು ಮಾತೂ ಕೇಳಿಸುತ್ತಿಲ್ಲವಲ್ಲ ಎಂದು ಗೊಣಗಿದೆ. ಕೇಳಿಸಿದ್ದರೂ ಅರ್ಥವಾಗುತ್ತಿತ್ತೆಂದು ಈಗ ಆಣೆ ಇಟ್ಟು ಹೇಳಲಾರೆ. ತಟ್ಟೆ ಜಾರಿದ್ದಕ್ಕೆ ಚಿಕ್ಕಮ್ಮನೂ ಸೆರಗಿನಲ್ಲಿ ಬಾಯಿ ಮುಚ್ಚಿ ನಕ್ಕಿದ್ದು ಕಂಡಿತು. ಅಷ್ಟಕ್ಕೇ ನನ್ನ ಜೀವ ತಣ್ಣಗಾಯಿತು.

ಆಮೇಲೆ ಫಿರಂಗಿಗಳು ಗುಡುಗಿದವು, ಶಿಳ್ಳೆಗಳು ಹಾರಿದವು. ಹೊಗೆ ಇಳಿದಾಗ ಒಬ್ಬ ಮುದಿ ನಾವಿಕ ಸತ್ತು ಬಿದ್ದಿದ್ದ. ದೊಡ್ಡ ಪಾತ್ರವೇನಲ್ಲ, ಹಗ್ಗ ಎಳೆಯುತ್ತಿದ್ದವನು. ಅವನನ್ನು ಹಾಯಿಬಟ್ಟೆಯಲ್ಲಿ ಸುತ್ತಿ ಹೊಲಿದರು. ಹಲಗೆಯ ಮೇಲೆ ಮಲಗಿಸಿ, ಬಾವುಟ ಹೊದಿಸಿ, ನಾಲ್ಕು ಮಂದಿ ಹೆಗಲ ಮೇಲೆ ಹೊತ್ತು ತಂದರು.

ಚಿಕ್ಕಮ್ಮ ಎದ್ದು ನಿಂತರು.

ನಮ್ಮ ಕಡೆ ದಾರಿಯಲ್ಲಿ ಹೆಣ ಹೋಗುವಾಗ ಜಗಲಿಯಲ್ಲಿ ಕೂತವರು ಏಳುತ್ತಾರೆ. ಹೋಗುತ್ತಿರುವವನು ಹಗೆಯಾದರೂ ಸರಿ, ಅವನು ದಾಟುವವರೆಗೆ ಕೂರುವಂತಿಲ್ಲ. ಚಿಕ್ಕಮ್ಮನ ಕಾಲಿಗೆ ಅದು ರೂಢಿಯಾಗಿತ್ತು. ಇದು ಟಾಕೀಸು, ಅದು ಪರದೆ ಎಂದು ಯೋಚಿಸುವಷ್ಟರಲ್ಲಿ ಕಾಲು ಎದ್ದಾಗಿತ್ತು.

"ಓ ಬಾಯಿ, ಖಾಲಿ ಬಸಾ!" ಕೆಳಗೆ ಕೂರು ಎಂದು ಹಿಂದಿನಿಂದ ಮರಾಠಿಯಲ್ಲಿ ಯಾರೋ ಕೂಗಿದರು. "ಏ ಬೈಠೋ!" ಎಂದು ಇನ್ನೊಬ್ಬ. ನಾಚಿಕೆಯಿಂದ ನಾನು ಚಿಕ್ಕಮ್ಮನ ಸೆರಗು ಜಗ್ಗಿದೆ. ಅವರು ಅಲುಗಲಿಲ್ಲ. ಮುಂದಿನ ಸಾಲಿನಲ್ಲಿದ್ದ ಹೋಟೆಲಿನವನೊಬ್ಬ ಗದ್ದಲ ಕೇಳಿ ತಿರುಗಿದ, ತಟ್ಟೆ ಹಿಡಿ ಎಂದು ಕೂಗಿದ್ದನಲ್ಲ, ಅವನೇ. ಚಿಕ್ಕಮ್ಮನ ಮುಖ ನೋಡಿದ, ಪರದೆ ನೋಡಿದ, ಎದ್ದು ನಿಂತ. ಅವನ ಪಕ್ಕದವನೂ ಎದ್ದ. ಆಮೇಲೆ ಆ ಸಾಲು, ಅದರ ಮುಂದಿನ ಸಾಲು, ಬಿಳಿ ಅಂಗಿಗಳೆಲ್ಲ ಒಂದೊಂದಾಗಿ ಎದ್ದವು. ಹಿಂದಿನವರ ಕೂಗು ತಾನಾಗಿ ನಿಂತುಹೋಯಿತು. ನಾನೂ ಎದ್ದೆ.

ಪರದೆಯ ಮೇಲೆ ಕಪ್ತಾನ ಟೊಪ್ಪಿ ತೆಗೆದ. ಅವನ ನಾವಿಕರೂ ತೆಗೆದರು. ಅವನು ಪುಸ್ತಕ ಹಿಡಿದು ಮೆಲ್ಲಗೆ ಓದಿದ. ಹಲಗೆ ವಾಲಿತು, ನೀರಿನ ಸದ್ದಾಯಿತು, ಬಾವುಟ ಮಾತ್ರ ಅವರ ಕೈಯಲ್ಲಿ ಉಳಿಯಿತು. ಟಾಕೀಸಿನಲ್ಲಿ ಎಲ್ಲರೂ ಕೂತ ಮೇಲೆ ಚಿಕ್ಕಮ್ಮ ಕೂತರು.

ಸಿನಿಮಾದ ಮುಂದಿನ ಭಾಗ ನನಗೆ ನೆನಪಿಲ್ಲ. ಯಾರು ಗೆದ್ದರೋ, ರಾಣಿ ಯಾರಿಗೆ ಸಿಕ್ಕಳೋ. ವಾಪಸು ಬರುವಾಗ ಲೋಕಲ್ಲಿನಲ್ಲಿ ಚಿಕ್ಕಮ್ಮ ಕಿಟಕಿಯ ಪಕ್ಕ ಕೂತು ಕೇಳಿದರು.

"ಹಡಗಿನ ದೊಡ್ಡವನೇ ಓದಿದ್ದಲ್ವಾ? ಎಂತ ಅದು?"

"ಪ್ರಾರ್ಥನೆ, ಚಿಕ್ಕಮ್ಮ."

"ಅದು ಹಳೇ ಕಾಲದ ಕಥೆ. ಈಗಲೂ ಹಾಗೇ ಮಾಡ್ತಾರಾ?"

ನನಗೆ ಗೊತ್ತಿರಲಿಲ್ಲ. ಕೇಳಿ ತಿಳಿಯಲು ಹಡಗಿನವರು ಯಾರೂ ಪರಿಚಯವಿರಲಿಲ್ಲ. ಆದರೂ "ಮಾಡ್ತಾರೆ, ಎಲ್ಲ ಹಡಗಿನಲ್ಲೂ ಮಾಡ್ತಾರೆ" ಎಂದೆ. ಅವರ ಮುಖ ನೋಡಿಕೊಂಡು ಬೇರೆ ಏನನ್ನೂ ಹೇಳಲು ನನ್ನಿಂದ ಸಾಧ್ಯವಿರಲಿಲ್ಲ.

"ಹಾಗಾದ್ರೆ ಎಸೆದದ್ದಲ್ಲ," ಎಂದರು ಚಿಕ್ಕಮ್ಮ. ಅಷ್ಟು ಹೇಳಿ ಅತ್ತರು. ಅವರು ಹಾಗೆ ಬಿಟ್ಟು ಅತ್ತದ್ದನ್ನು ನಾನು ನೋಡಿದ್ದು ಅದೇ ಮೊದಲು. ಎದುರಿಗೆ ಕೂತಿದ್ದ ಹೆಂಗಸು ತನ್ನ ಬುಟ್ಟಿಯನ್ನು ಸರಿಸಿ ಅವರ ಕಾಲಿಗೆ ಜಾಗ ಮಾಡಿಕೊಟ್ಟಳು.

ಚಾಳಿಗೆ ಬಂದೆವು. ಚಪ್ಪಲಿ ಬಿಟ್ಟು ನಾನು ಒಳಗೆ ಹೊರಟೆ. ಚಿಕ್ಕಮ್ಮ ಹೊಸ್ತಿಲು ದಾಟಲಿಲ್ಲ. ಗ್ಯಾಲರಿಯಲ್ಲೇ, ಗೋಡೆಗೂ ತಾಗದ ಹಾಗೆ ನಿಂತು ಅಮ್ಮನನ್ನು ಕರೆದರು.

"ಅಕ್ಕ, ಮೋರಿ ಹತ್ರ ಒಂದು ಬಾಲ್ದಿ ನೀರು ಇಡು. ತಲೆಗೆ ಸ್ನಾನ ಮಾಡಿಯೇ ಒಳಗೆ ಬರ್ತೇನೆ."

ಅಮ್ಮ ಗಾಬರಿಯಿಂದ ಹೊರಗೆ ಬಂದಳು. "ಎಂತಾಯ್ತೇ? ಯಾರು ಹೋದದ್ದು?"

"ಅವರನ್ನು ಕಳಿಸಿ ಬಂದೆ."

ಅಮ್ಮ ತಂಗಿಯ ಮುಖವನ್ನೇ ನೋಡಿದಳು. ಬಾಲ್ದಿ ತುಂಬಿ ತಂದು, ತಾನೇ ತಂಬಿಗೆ ಹಿಡಿದು, ತಂಗಿಯ ತಲೆಯ ಮೇಲೆ ನೀರು ಹೊಯ್ದಳು. ಆಮೇಲೆ ಹೊಸ್ತಿಲ ಒಳಗೆ ನಿಂತಿದ್ದ ನನ್ನ ಕಡೆ ತಿರುಗಿ, "ನೀನೂ ಜೊತೆಗೆ ಹೋಗಿದ್ದಿಯಲ್ಲ, ಹೊರಗೆ ಬಾ" ಎಂದಳು.